ಕಾವೇರಿಯ ಶಕ್ತಿಯನ್ನು ಬರಮಾಡಿಕೊಂಡ ನೆಲೆ: ಕೋಲಾರ ಚಿನ್ನದ ಗಣಿಯ ವಿದ್ಯುತ್ ಸ್ವೀಕಾರ ಕೇಂದ್ರ

ಕಡಲತೀರವುಳ್ಳ ನಾಡುಗಳಿಗೆ ದೂರದೊಡನೆ ಸಂಪರ್ಕವನ್ನಿರಿಸಿಕೊಳ್ಳುವ ನೆಲೆಗಳು ಪುರಾತನ ಕಾಲದಿಂದಲೂ ಅವಶ್ಯಕವಾಗಿದ್ದುವು. ಹಡಗಿಗೆ ಬಂದರಿನ ದಿಕ್ಕನ್ನೂ ಬಂಡೆಯ ಅಪಾಯವನ್ನೂ ಅರುಹುವುದಕ್ಕಾಗಿ ಗುಡ್ಡದ ಮೇಲೆ ಬಾವುಟವನ್ನೇರಿಸುವುದು, ಗೋಪುರದ ನೆತ್ತಿಯಲ್ಲಿ ದೀಪವನ್ನು ಬೆಳಗುವುದು ನಾವಿಕಸಂಕೇತದ ಪ್ರಾಚೀನ ಕ್ರಮ. ಮಂಗಳೂರಿನ ಬಾವುಟಗುಡ್ಡದ ಹೆಸರಿನಲ್ಲಿ ಆ ಕ್ರಮದ ನೆನಪು ಇಂದಿಗೂ ಉಳಿದಿದೆ. 1864ರಲ್ಲಿ ಕಾರವಾರದ ಎದುರಿನ ದ್ವೀಪದಲ್ಲಿ ಹೊತ್ತಿದ ದೀಪವೂ, 1901ರಲ್ಲಿ ಕಾಪುವಿನ ಬಂಡೆಯ ಮೇಲೆ ತಲೆಯೆತ್ತಿದ ದೀಪಸ್ತಂಭವೂ ಅದೇ ಪರಂಪರೆಗೆ ಸೇರಿದವು. ಅದೇ 1901ರ ಡಿಸೆಂಬರ್ 12ರಂದು ಮಾರ್ಕೋನಿಯು ಅಟ್ಲಾಂಟಿಕ್ ಮಹಾಸಾಗರದ ಆಚೆಯಿಂದ ಹೊರಟ ನಿಸ್ತಂತು ಸಂಕೇತವನ್ನು ನ್ಯೂಫೌಂಡ್‌ಲೆಂಡಿನ ತೀರದಲ್ಲಿ ಆಲಿಸಿದನು. ಮೈಸೂರು ಸಂಸ್ಥಾನಕ್ಕೆ ಅಂದು ಕಡಲಾಗಲಿ ಬಂದರಾಗಲಿ ಇರಲಿಲ್ಲ. ಆದರೆ ಆ ಸಂಸ್ಥಾನವು ಅದೇ ಕಾಲದಲ್ಲಿ, ಶಿವನಸಮುದ್ರದ ಜಲಪಾತದಿಂದ 92 ಮೈಲಿಗಳಾಚೆ, ಕೋಲಾರ ಚಿನ್ನದ ಗಣಿಯ ಒಣನೆಲದ ಮೇಲೆ, ದೂರದಿಂದ ಬರುವುದನ್ನು ಬರಮಾಡಿಕೊಳ್ಳುವ ಬೇರೊಂದು ಬಗೆಯ ನೆಲೆಯನ್ನು ಕಟ್ಟಿತು. ಅಲ್ಲಿಗೆ ತಂತಿಯ ಮೂಲಕ ಬಂದದ್ದು ಸಂದೇಶವಲ್ಲ, ಶಕ್ತಿ.

ಶಿವನಸಮುದ್ರದ ಉತ್ಪಾದನಾಕೇಂದ್ರದ ಕೀರ್ತಿಯನ್ನು ಬಣ್ಣಿಸಿದವರು ಅನೇಕರು. ಆ ಶಕ್ತಿಯನ್ನು ಪಡೆದು, ತಗ್ಗಿಸಿ, ಹಂಚಿ, ದುಡಿಮೆಯನ್ನಾಗಿ ಪರಿವರ್ತಿಸಿದ ಸ್ವೀಕಾರ ಕೇಂದ್ರವನ್ನು ನೆನೆದವರು ವಿರಳ. ಪ್ರಥಮ ಪೂರೈಕೆಯ ನೂರ ಇಪ್ಪತ್ತೈದನೆಯ ವರ್ಷವು ಸಮೀಪಿಸುತ್ತಿರುವ ಈ ಸಂದರ್ಭದಲ್ಲಿ ಆ ನ್ಯೂನತೆಯನ್ನು ಕಿಂಚಿತ್ತಾದರೂ ತುಂಬಿಕೊಡುವುದು ಈ ಲೇಖನದ ಆಶಯ. ಹೊಳೆಯ ಕಡೆಯ ವೃತ್ತಾಂತವಷ್ಟೇ ಅಲ್ಲ, ಗಣಿಯ ಕಡೆಯ ವೃತ್ತಾಂತವೂ ಸೇರಿದಾಗಲೇ ಈ ಚರಿತ್ರೆ ಪೂರ್ಣವಾಗುವುದೆಂಬುದು ನನ್ನ ದೃಢವಾದ ಅಭಿಪ್ರಾಯ.

ಪೂರ್ವರಂಗ: 1802–1894

1802ರಲ್ಲಿ ಮೈಸೂರಿನ ಗಡಿಗಳ ಮೋಜಣಿಗೆಂದು ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬ ಅಧಿಕಾರಿಯು, ಊರಿಗಾಂ ಮಾರಿಕುಪ್ಪಂಗಳ ಆಸುಪಾಸಿನ ಗ್ರಾಮಸ್ಥರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಹೆಕ್ಕುವುದನ್ನೂ, ಇಕ್ಕಟ್ಟಾದ ಗುಂಡಿಗಳಲ್ಲಿಳಿದು ಕಲ್ಲನ್ನು ಮೇಲಕ್ಕೆ ತರುವುದನ್ನೂ ಕಂಡು ವರದಿ ಬರೆದನು. ಕೈಯ ಬಲ, ಬುಟ್ಟಿ, ಹಣತೆ ಇವೇ ಅಂದಿನ ಗಣಿಗಾರಿಕೆಯ ಸಾಧನಗಳು. ಮುಂದಿನ ಎಪ್ಪತ್ತು ವರ್ಷಗಳಲ್ಲಿ ಹೇಳಿಕೊಳ್ಳತಕ್ಕ ಪ್ರಗತಿಯೇನೂ ಆಗಲಿಲ್ಲ. ನ್ಯೂಜಿಲೆಂಡಿನ ಯುದ್ಧದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಲ್ಯಾವೆಲ್ ಎಂಬ ಐರಿಷ್ ಸೈನಿಕನು 1873ರಲ್ಲಿ ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ ಗಣಿಗುತ್ತಿಗೆಯನ್ನು ಪಡೆದನಾದರೂ, ಅದನ್ನು ಫಲಕ್ಕೆ ತರುವಷ್ಟು ಬಂಡವಾಳ ಅವನಲ್ಲಿರಲಿಲ್ಲ. 1880ರ ತರುವಾಯ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಕೈಯಿಟ್ಟು, ಕೆಲವು ವರ್ಷಗಳ ನಿರಾಶೆಯನ್ನು ಸಹಿಸಿ, ಚಾಂಪಿಯನ್ ಪದರದ ಸಮೃದ್ಧಿಯನ್ನು ಕಂಡುಕೊಂಡಮೇಲೆ, ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಬಾಲಘಾಟ್ ಎಂಬ ಹೆಸರಿನ ಗಣಿಗಳು ಒಂದರ ಬೆನ್ನಿಗೊಂದು ಆಳಕ್ಕಿಳಿದುವು.

ಆಳವು ಹೆಚ್ಚಿದಂತೆಲ್ಲ ಶಕ್ತಿಯ ಹಸಿವೂ ಹೆಚ್ಚಿತು. ಅದಿರನ್ನು ಮೇಲೆತ್ತುವುದಕ್ಕೆ, ಅದನ್ನು ಕುಟ್ಟಿ ಹುಡಿಮಾಡುವ ಸ್ಟ್ಯಾಂಪು ಗಿರಣಿಗಳನ್ನು ನಡೆಸುವುದಕ್ಕೆ, ಕೆಳಗಣ ಕೊರೆಯುವ ಯಂತ್ರಗಳಿಗೆ ಒತ್ತಿದ ಗಾಳಿಯನ್ನು ಕಳುಹಿಸುವುದಕ್ಕೆ, ಬಸಿದು ಬರುವ ನೀರನ್ನು ಹೊರಹಾಕುವುದಕ್ಕೆ ಉಗಿಯಂತ್ರಗಳನ್ನಲ್ಲದೆ ಬೇರೇನನ್ನೂ ಅರಿಯದಿದ್ದ ಕಾಲವದು. ಬಾಯ್ಲರುಗಳ ಒಡಲಿಗೆ ಸುತ್ತಣ ಕಾಡುಗಳ ಸೌದೆ ಆಹುತಿಯಾಯಿತು. ಕಾಡು ತೆಳುವಾಗುತ್ತ ಬಂದಂತೆ ಕಲ್ಲಿದ್ದಲನ್ನು ದೂರದೇಶದಿಂದ ತರಿಸಬೇಕಾಯಿತು. ಆ ಕಾರ್ಯಕ್ಕೆ ಅನುಕೂಲಿಸಿದ್ದು ರೈಲು. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ತೆರೆದ ಮಾರ್ಗದ ಮೇಲಿನ ಊರೊಂದಕ್ಕೆ ಆಗಿನ ಕಮಿಷನರ್ ಲೆವಿನ್ ಬೌರಿಂಗನ ಹೆಸರಿನಿಂದ ಬೌರಿಂಗ್‌ಪೇಟೆಯೆಂಬ ನಾಮಧೇಯವಾಗಿದ್ದಿತು. ಅದೇ ಈಗಣ ಬಂಗಾರಪೇಟೆ. 1894ರಲ್ಲಿ ಅಲ್ಲಿಂದ ಮಾರಿಕುಪ್ಪಂವರೆಗೆ ಹತ್ತು ಮೈಲಿಗಳ ಶಾಖಾಮಾರ್ಗವು ಮೈಸೂರು ಸರ್ಕಾರದ ವೆಚ್ಚದಿಂದ ನಿರ್ಮಿತವಾಗಿ, ಗಣಿಗೆ ಬೇಕಾದ ಸಕಲ ಭಾರವೂ ಆ ಜಂಕ್ಷನ್ನಿನ ಮೂಲಕವೇ ಬರತೊಡಗಿತು. ಬಂಗಾರವಿಲ್ಲದ ಬಂಗಾರಪೇಟೆಯು ಗಣಿಯ ಹೆಬ್ಬಾಗಿಲಾದದ್ದು ಹೀಗೆ.

ಸಂಕಲ್ಪ: 1894–1900

ಚಿನ್ನದ ಉತ್ಪತ್ತಿಯ ಮೇಲೆ ಶೇಕಡಾ 5ರಷ್ಟು ರಾಜಧನವನ್ನು ಪಡೆಯುತ್ತಿದ್ದ ಸರ್ಕಾರಕ್ಕೆ ಗಣಿಯ ಕಷ್ಟವು ತನ್ನ ಬೊಕ್ಕಸದ ಕಷ್ಟವೇ ಆಗಿದ್ದಿತು. 1883ರಿಂದ ದಿವಾನಗಿರಿಯನ್ನು ನಿರ್ವಹಿಸುತ್ತಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ದೃಷ್ಟಿಯು ಇದೇ ಕಾಲದಲ್ಲಿ ಕಾವೇರಿಯ ಜಲಪಾತದ ಕಡೆಗೆ ಹೊರಳಿತು. ಸಂಸ್ಥಾನದ ಉಪ ಮುಖ್ಯ ಇಂಜಿನಿಯರ್ ಆಗಿದ್ದ ರಾಯಲ್ ಇಂಜಿನಿಯರ್ಸ್ ದಳದ ಜೋಲಿ ದ ಲಾಟ್‌ಬಿನಿಯೇರ್ ಕೆನಡಾ ದೇಶದ ಕ್ವೆಬೆಕ್ ಪ್ರಾಂತದ ಪ್ರಖ್ಯಾತ ರಾಜಕಾರಣಿಯೊಬ್ಬರ ಪುತ್ರರು. ಉತ್ತರ ಅಮೆರಿಕ ಖಂಡದ ಮಹಾಜಲಪಾತಗಳಲ್ಲಿ ವಿದ್ಯುತ್ತು ಹುಟ್ಟುತ್ತಿದ್ದ ವಾರ್ತೆ ಅವರಿಗೆ ಹೊಸದಾಗಿರಲಿಲ್ಲ. ಶಿವನಸಮುದ್ರದಲ್ಲಿ ವ್ಯರ್ಥವಾಗಿ ಧುಮುಕುತ್ತಿರುವ ನೀರಿನಿಂದ ಗಣಿಯ ಯಂತ್ರಗಳನ್ನೇಕೆ ತಿರುಗಿಸಬಾರದು ಎಂಬ ಪ್ರಶ್ನೆಗೆ ಅವರು ಲೆಕ್ಕಾಚಾರದ ಉತ್ತರವನ್ನು ಸಿದ್ಧಪಡಿಸಿದರು.

ಭಾರತದಲ್ಲಿ ಜಲವಿದ್ಯುತ್ತಿನ ಪ್ರಯೋಗ ಅದೇ ಮೊದಲಲ್ಲ. 1897ರಲ್ಲಿಯೇ ಡಾರ್ಜಿಲಿಂಗಿನ ಸಿದ್ರಾಪೊಂಗಿನಲ್ಲಿ 130 ಕಿಲೋವ್ಯಾಟಿನ ಕಿರುಕೇಂದ್ರವೊಂದು ಹುಟ್ಟಿತ್ತು. ಆದರೆ ಹತ್ತಿರದ ಪಟ್ಟಣಕ್ಕೆ ದೀಪವಿಡುವುದು ಬೇರೆ, ಬೆಟ್ಟಕಾಡುಗಳನ್ನು ದಾಟಿ 92 ಮೈಲಿಗಳಾಚೆಯ ಯಂತ್ರಗಳಿಗೆ ಹಗಲಿರುಳೂ ಬಲವನ್ನೊದಗಿಸುವುದು ಬೇರೆ. ಅಷ್ಟು ದೂರದ ತಂತಿಮಾರ್ಗವು ಅಂದಿನ ಜಗತ್ತಿನಲ್ಲಿಯೇ ಅತಿ ದೀರ್ಘವಾದವುಗಳ ಸಾಲಿಗೆ ಸೇರುವಂಥದು. ಇಂತಹ ಸಾಹಸಕ್ಕೆ ಪ್ರಜೆಗಳ ಹಣವನ್ನು ತೊಡಗಿಸುವುದರ ಔಚಿತ್ಯವನ್ನು ಕುರಿತು ಸಂದೇಹಗಳೇಳುವುದು ಸಹಜವೇ ಆಗಿದ್ದಿತು. ಆ ಸಂದೇಹಗಳನ್ನು ಮೂದಲಿಸುವುದು ನಮಗೆ ಉಚಿತವಲ್ಲ, ಏಕೆಂದರೆ ಅವುಗಳಿದ್ದುದರಿಂದಲೇ ಯೋಜನೆಯು ಮತ್ತಷ್ಟು ಬಿಗಿಯಾದ ಪರೀಕ್ಷೆಗೆ ಒಳಗಾಯಿತು. ಲಾಟ್‌ಬಿನಿಯೇರ್ ಅವರು ಐರೋಪ್ಯ ಹಾಗೂ ಅಮೆರಿಕ ದೇಶಗಳನ್ನು ಸುತ್ತಿ, ತಜ್ಞರೊಡನೆ ಸಮಾಲೋಚಿಸಿ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಗೆ ವಿದ್ಯುದ್ಯಂತ್ರಗಳನ್ನೂ, ಸ್ವಿಟ್ಸರ್ಲೆಂಡಿನ ಎಶರ್ ವೀಸ್ ಸಂಸ್ಥೆಗೆ ಜಲಚಕ್ರಗಳನ್ನೂ ವಹಿಸುವ ಏರ್ಪಾಟು ಮಾಡಿದರು. ಗಣಿ ಕಂಪನಿಗಳು ಸುಮಾರು 4,000 ಅಶ್ವಶಕ್ತಿಯನ್ನು ಕೊಳ್ಳುವ ಒಪ್ಪಂದಕ್ಕೆ ಬಂದುವು. ಕೊಳ್ಳುವವರು ನಿಶ್ಚಿತವಾದಮೇಲೆ ಕಟ್ಟುವುದೆಂಬ ಈ ಕ್ರಮದಲ್ಲಿ ಶೇಷಾದ್ರಿ ಅಯ್ಯರ್ ಅವರ ಆಡಳಿತಪ್ರಜ್ಞೆಯು ಎದ್ದು ಕಾಣುತ್ತದೆ.

ನಿರ್ಮಾಣ: 1900–1902

1894ರ ಕೊನೆಯಲ್ಲಿ ಚಾಮರಾಜೇಂದ್ರ ಒಡೆಯರು ಅಕಾಲಿಕವಾಗಿ ಸ್ವರ್ಗಸ್ಥರಾಗಿ, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಳುತ್ತಿದ್ದ ಕಾಲದಲ್ಲಿ ಈ ಮಹಾಕಾರ್ಯವು ನಡೆಯಿತು. ಶಿವನಸಮುದ್ರದ ಕಡೆಗೆ ಹೋಗತಕ್ಕ ಭಾರಿ ಯಂತ್ರಭಾಗಗಳು ಮದ್ದೂರಿನ ರೈಲುನಿಲ್ದಾಣದಲ್ಲಿಳಿದು, ಅಲ್ಲಿಂದ ಮುಂದೆ ಆನೆಗಳ ಹಾಗೂ ಎತ್ತುಗಳ ಬಲದಿಂದ ಕಾಡುದಾರಿಯಲ್ಲಿ ಸಾಗಿದುವು. ಗಣಿಯ ಕಡೆಗೆ ಅಂತಹ ಶ್ರಮವಿರಲಿಲ್ಲ, ಬೌರಿಂಗ್‌ಪೇಟೆಯ ಶಾಖಾಮಾರ್ಗವು ಯಂತ್ರಗಳನ್ನು ಗಣಿಯ ಅಂಗಳಕ್ಕೇ ತಂದಿಳಿಸುತ್ತಿತ್ತು. ಎರಡು ತುದಿಗಳ ನಡುವೆ, ಈಗ ಕನಕಪುರವೆನಿಸಿಕೊಂಡಿರುವ ಕಾನಕಾನಹಳ್ಳಿಯ ಮಾರ್ಗವಾಗಿ, ಕಂಬಗಳ ಸಾಲು ನೆಟ್ಟು, ಪಿಂಗಾಣಿಯ ಇನ್ಸುಲೇಟರುಗಳ ಮೇಲೆ ತಾಮ್ರದ ತಂತಿಗಳನ್ನೆಳೆದರು. ಒಂದಕ್ಕೆ ವಿಘ್ನ ಬಂದರೆ ಇನ್ನೊಂದು ಕೈಗೂಡುವಂತೆ ಮಾರ್ಗವನ್ನು ಜೋಡಿಯಾಗಿ ಏರ್ಪಡಿಸಿದ್ದು ಅತ್ಯಂತ ವಿವೇಕದ ಕ್ರಮ. ತಂತಿಮಾರ್ಗದೊಡನೆಯೇ ದೂರವಾಣಿಯ ತಂತಿಯೂ ಸಾಗಿದುದರಿಂದ, ಹೊಳೆಯ ಬದಿಯಲ್ಲಿದ್ದವರೂ ಗಣಿಯ ಬದಿಯಲ್ಲಿದ್ದವರೂ ಪರಸ್ಪರ ಮಾತನಾಡಿ ಯಂತ್ರಗಳನ್ನು ತೊಡಗಿಸಲು ನಿಲ್ಲಿಸಲು ಸಾಧ್ಯವಾಯಿತು. ಈ ಅರ್ಥದಲ್ಲಿ ನಮ್ಮ ಕೇಂದ್ರವು ಸಂಕೇತದ ನೆಲೆಯೂ ಹೌದು.

1901ರಲ್ಲಿ ಅನಾರೋಗ್ಯದಿಂದ ಪದವಿಯನ್ನು ಬಿಟ್ಟುಕೊಟ್ಟ ಶೇಷಾದ್ರಿ ಅಯ್ಯರ್ ಅವರು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಲವಾದರು. ತಮ್ಮ ಸಂಕಲ್ಪವು ಸಿದ್ಧಿಸಿದುದನ್ನು ಕಾಣುವ ಭಾಗ್ಯ ಅವರಿಗೆ ಒಂಬತ್ತೇ ತಿಂಗಳುಗಳಿಂದ ತಪ್ಪಿತು. ಪಿ. ಎನ್. ಕೃಷ್ಣಮೂರ್ತಿಯವರ ದಿವಾನಗಿರಿಯಲ್ಲಿ, 1902ನೆಯ ಇಸವಿ ಜೂನ್ 30ರಂದು, ಕಾವೇರಿಯ ಶಕ್ತಿಯು ಕೋಲಾರ ಚಿನ್ನದ ಗಣಿಯನ್ನು ತಲುಪಿತು. ವಾರೆನ್ನನು ಹಣತೆಯ ಬೆಳಕಿನ ಗಣಿಗಾರಿಕೆಯನ್ನು ಕಂಡು ಬರೆದದ್ದು ಅದಕ್ಕೆ ಸರಿಯಾಗಿ ನೂರು ವರ್ಷಗಳ ಹಿಂದೆ. ಮಹಾರಾಜ ಕೃಷ್ಣರಾಜ ಒಡೆಯರು ಆಡಳಿತಸೂತ್ರವನ್ನು ಕೈಗೊಂಡದ್ದು ಮುಂದಿನ ಆಗಸ್ಟ್ 8ರಂದು. ಹೀಗಾಗಿ ಭಾರತದ ಕೈಗಾರಿಕಾಚರಿತ್ರೆಯ ಈ ಮಹತ್ತಾದ ಘಟ್ಟವು ಒಬ್ಬ ಮಹಿಳೆಯ ರಾಜ್ಯಭಾರದ ಕಡೆಯ ವಾರಗಳಿಗೆ ಸಂದ ಕೀರ್ತಿ. ಇದನ್ನು ನಮ್ಮ ಇತಿಹಾಸಕಾರರು ಇನ್ನೂ ಒತ್ತಿ ಹೇಳಬೇಕಾಗಿದೆ.

ಕಟ್ಟಡದ ಸ್ವರೂಪ, ಕಾರ್ಯದ ಕ್ರಮ

ಅರಮನೆಯ ವಾಸ್ತುವು ಅರಸನ ವೈಭವದಿಂದಲೂ ದೇಗುಲದ ವಾಸ್ತುವು ಆಗಮದಿಂದಲೂ ಹುಟ್ಟಿದರೆ, ವಿದ್ಯುತ್ ಸ್ವೀಕಾರ ಕೇಂದ್ರದ ವಾಸ್ತುವು ಭಯದಿಂದ ಹುಟ್ಟುತ್ತದೆಂದರೆ ಅತಿಶಯೋಕ್ತಿಯಲ್ಲ. ಅಲ್ಲಿಗೆ ಬರುತ್ತಿದ್ದ ತಂತಿಯಲ್ಲಿ 30,000 ವೋಲ್ಟಿಗೆ ಕಡಿಮೆಯಿಲ್ಲದ ಒತ್ತಡವಿದ್ದಿತು. ಅಷ್ಟೊಂದು ಒತ್ತಡವೇತಕ್ಕೆಂದರೆ, ಅಗಲವಾದ ಕಾಲುವೆಯಲ್ಲಿ ಮೆಲ್ಲಗೆ ಹರಿಯುವ ಬಹಳ ನೀರು ಮಾಡುವ ಕೆಲಸವನ್ನು ಕಿರಿದಾದ ಕೊಳವೆಯಲ್ಲಿ ರಭಸದಿಂದ ನುಗ್ಗುವ ಸ್ವಲ್ಪ ನೀರು ಮಾಡಬಲ್ಲಂತೆ, ಹೆಚ್ಚು ಒತ್ತಡದಲ್ಲಿ ಕಡಿಮೆ ಪ್ರವಾಹವನ್ನು ಕಳುಹಿಸಿದರೂ ಅದೇ ಶಕ್ತಿಯು ತಲುಪುವುದು. ತಂತಿಯಲ್ಲಿ ಶಾಖರೂಪವಾಗಿ ನಷ್ಟವಾಗುವ ಅಂಶವಾದರೋ ಪ್ರವಾಹದ ವರ್ಗಕ್ಕೆ ಅನುಗುಣವಾದದ್ದು. ಪ್ರವಾಹವನ್ನು ಅರ್ಧಕ್ಕಿಳಿಸಿದರೆ ನಷ್ಟವು ಕಾಲುಭಾಗಕ್ಕಿಳಿಯುತ್ತದೆ. ಈ ಸರಳ ನಿಯಮವೇ 92 ಮೈಲಿಗಳ ಸಾಹಸಕ್ಕೆ ಆಧಾರ. ಆದರೆ ಅಂತಹ ಉಗ್ರವಾದ ಒತ್ತಡವನ್ನು ನೇರವಾಗಿ ಯಂತ್ರಕ್ಕೆ ಕೊಡುವಂತಿಲ್ಲ. ತುದಿಯಲ್ಲೊಂದು ನೆಲೆಯಲ್ಲಿ ಅದನ್ನು ಪರಿವರ್ತಕಗಳಿಂದ ಸೌಮ್ಯಗೊಳಿಸಿ, ಹಲವು ಕವಲುಗಳಾಗಿ ಗಣಿಗಣಿಗೂ ಹಂಚಬೇಕು. ಈ ಸೌಮ್ಯಗೊಳಿಸುವ ಕಾರ್ಯವೇ ಸ್ವೀಕಾರ ಕೇಂದ್ರದ ಜೀವಾಳ.

ತಂತಿಗೂ ಗೋಡೆಗೂ, ತಂತಿಗೂ ತಂತಿಗೂ ನಡುವೆ ಧಾರಾಳವಾದ ಅಂತರವಿರಬೇಕಾದುದರಿಂದ ಇಂತಹ ಗೃಹಗಳ ಮಾಡು ಎತ್ತರವಾಗಿರುತ್ತದೆ. ಪರಿವರ್ತಕಗಳ ಶಾಖವು ಹೊರಹೋಗಬೇಕಾದುದರಿಂದ ಗಾಳಿಗಂಡಿಗಳು ಉದ್ದವಾಗಿರುತ್ತವೆ, ಬೆಂಕಿಯ ಭಯವಿರುವುದರಿಂದ ಮರದ ಬಳಕೆ ಅಲ್ಪವಾಗಿರುತ್ತದೆ. ಸ್ವಿಚ್ಚುಗಳ ಮುಂದೆ ನಿಂತವನಿಗೆ ಎಲ್ಲ ಅಳತೆಮಾಪಕಗಳೂ ಒಮ್ಮೆಗೇ ಕಾಣುವಂತೆ ಫಲಕಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಅಲಂಕಾರಕ್ಕೆಂದು ಮಾಡಿದ್ದು ಇಂತಹ ಕಟ್ಟಡದಲ್ಲಿ ವಿರಳವೇ ಸರಿ. ಆದರೂ ಪ್ರತಿಯೊಂದು ಅಂಗಕ್ಕೂ ಕಾರಣವಿರುವುದರಿಂದ ಹುಟ್ಟುವ ಗಾಂಭೀರ್ಯವು ಇವುಗಳಿಗೆ ಉಂಟು. ಗಣಿಪ್ರದೇಶದ ಉಳಿದ ನಿರ್ಮಾಣಗಳಾದ ಶಾಫ್ಟುಗಳ ಮೇಲಣ ಉಕ್ಕಿನ ಗೋಪುರ, ಅದರೆದುರಿನ ಎಂಜಿನ್ ಮನೆ, ಸ್ಟ್ಯಾಂಪು ಗಿರಣಿಯ ಇಳಿಜಾರಾದ ಮಾಡು ಇವುಗಳೂ ಅದೇ ವಂಶಕ್ಕೆ ಸೇರಿದವು. ವರಾಂಡಾಗಳಿಂದ ಸುತ್ತುವರಿದ ಅಧಿಕಾರಿಗಳ ಬಂಗಲೆಗಳನ್ನೂ ಊರಿಗಾಮಿನ ಇಗರ್ಜಿಯನ್ನೂ ಕ್ಲಬ್ಬನ್ನೂ ಕಂಡು ಇದನ್ನು ಕಿರು ಇಂಗ್ಲೆಂಡೆಂದು ಕೊಂಡಾಡುವುದು ವಾಡಿಕೆ. ನನ್ನ ಮಟ್ಟಿಗೆ ಈ ನೆಲದ ನಿಜವಾದ ವಾಸ್ತುಶಿಲ್ಪವೆಂದರೆ ಕೆಲಸಕ್ಕಾಗಿ ಕಟ್ಟಿದ ಈ ಮನೆಗಳೇ.

ಶಿವನಸಮುದ್ರದ ವಿದ್ಯುತ್ತು ಅಂದು ಸೆಕೆಂಡಿಗೆ 25 ಆವರ್ತಗಳದ್ದಾಗಿದ್ದಿತು. ಈಗ ದೇಶಕ್ಕೆಲ್ಲ ಸಾಮಾನ್ಯವಾಗಿರುವ 50ರಲ್ಲಿ ಇದು ಸರಿಯಾಗಿ ಅರ್ಧ. ನಿಧಾನವಾಗಿ ತಿರುಗುವ ಭಾರಿ ಮೋಟಾರುಗಳಿಗೆ ಇದು ಹಿತಕರ, ದೀಪಗಳಿಗೆ ಅಷ್ಟು ಹಿತಕರವಲ್ಲ, ಸಣ್ಣ ದೀಪಗಳ ಬೆಳಕು ಕಂಪಿಸುವಂತೆ ತೋರುವುದು. ಯಂತ್ರಕ್ಕೆ ಅಗ್ರಸ್ಥಾನ, ದೀಪಕ್ಕೆ ಅನಂತರದ ಸ್ಥಾನವೆಂಬ ಅಂದಿನ ಉದ್ದೇಶವು ಈ ಒಂದು ಅಂಕಿಯಲ್ಲಿಯೇ ವ್ಯಕ್ತವಾಗಿದೆ.

ವಿಸ್ತರಣ: 1902–1931

ಪ್ರಥಮ ಯಶಸ್ಸಿನ ಬೆನ್ನಿಗೇ ಬೇಡಿಕೆಯು ಏರಿತು. ಶಿವನಸಮುದ್ರದಲ್ಲಿ ಮತ್ತಷ್ಟು ಯಂತ್ರಗಳನ್ನು ಸ್ಥಾಪಿಸಿದರು. 1905ರ ಆಗಸ್ಟಿನಲ್ಲಿ ಬೆಂಗಳೂರಿಗೂ, 1908ರಲ್ಲಿ ಮೈಸೂರು ನಗರಕ್ಕೂ ವಿದ್ಯುದ್ದೀಪ ಬಂದಿತು. ರಾಜಧಾನಿಗಿಂತಲೂ ಮೊದಲು ಕೋಲಾರದ ಗಣಿಗೆ ವಿದ್ಯುತ್ತು ಬಂದುದಕ್ಕೆ ಕಾರಣ ಸ್ಪಷ್ಟ: ಗಣಿಯು ಕೊಟ್ಟ ದರದಿಂದಲೇ ಯೋಜನೆಯ ಬಂಡವಾಳವು ಹಿಂದಿರುಗತಕ್ಕದ್ದಾಗಿತ್ತು. ಬೆಂಗಳೂರಿನ ಬೀದಿಗಳ ಬೆಳಕಿನ ಹಿಂದೆ ಗಣಿಯ ಪಾತಾಳದಲ್ಲಿ ದುಡಿದವರ ಬೆವರಿದೆಯೆಂಬುದನ್ನು ಬೆಂಗಳೂರಿಗರು ಅರಿತಿರಬೇಕು.

ಆದರೆ ಬೇಸಗೆಯಲ್ಲಿ ಕಾವೇರಿಯು ಸೊರಗಿದಾಗ ಸ್ವೀಕಾರ ಕೇಂದ್ರಕ್ಕೆ ಬರುವ ಶಕ್ತಿಯೂ ಸೊರಗುವ ಭಯವಿದ್ದಿತು. ಈ ತೊಡಕೇ ಕನ್ನಂಬಾಡಿಯ ಕಟ್ಟೆಗೆ ಪ್ರೇರಕವಾದ ಕಾರಣಗಳಲ್ಲೊಂದು. 1909ರಲ್ಲಿ ಮುಖ್ಯ ಇಂಜಿನಿಯರ್ ಆಗಿ ಬಂದ ಎಂ. ವಿಶ್ವೇಶ್ವರಯ್ಯನವರು ಜಲಾಶಯದ ಯೋಜನೆಯನ್ನು ಮುಂದಿಟ್ಟಾಗ, ಗಣಿಗೆ ನಿರಂತರವೂ ಅಧಿಕವೂ ಆದ ಶಕ್ತಿಯನ್ನು ಪೂರೈಸುವುದು ಅವರ ಸಮರ್ಥನೆಯ ಒಂದು ಮುಖ್ಯ ಆಧಾರವಾಗಿದ್ದಿತು. 1911ರಲ್ಲಿ ಆರಂಭವಾದ ಆ ಕಾರ್ಯದ ವಿಷಯದಲ್ಲಿ ಮದರಾಸು ಪ್ರಾಂತಕ್ಕೂ ಮೈಸೂರಿಗೂ ಉಂಟಾದ ಭಿನ್ನಾಭಿಪ್ರಾಯವು 1924ರ ಒಪ್ಪಂದದಲ್ಲಿ ಒಂದು ನೆಲೆಗೆ ನಿಂತಿತು. ಕಾಲಕ್ರಮದಲ್ಲಿ ಜಲಾಶಯವು ಮಂಡ್ಯದ ಗದ್ದೆಗಳಿಗೆ ಜೀವದಾಯಿಯಾಗಿ, ಗಣಿಯ ನೆಪವು ಜನರ ಸ್ಮೃತಿಯಿಂದ ಮರೆಯಾಯಿತು. ಕೃಷ್ಣರಾಜಸಾಗರವೆಂಬ ಆ ಜಲಾಶಯದ ವಂಶವೃಕ್ಷದಲ್ಲಿ ಕೋಲಾರದ ಬೇರೊಂದಿದೆಯೆಂಬುದನ್ನು ಇಲ್ಲಿ ದಾಖಲಿಸುವುದು ಉಚಿತ.

ಬೆಳಕು ಮತ್ತು ಲೈನುಗಳು

ಈ ಕೇಂದ್ರವು ಪೂರೈಸಿದ ಸಾಮಾಜಿಕ ಅವಶ್ಯಕತೆಯಾವುದೆಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಉತ್ತರ ಆರ್ಕಾಟ್, ಚಿತ್ತೂರು ಜಿಲ್ಲೆಗಳಿಂದ ಬಂದ ತಮಿಳು ತೆಲುಗು ಭಾಷಿಕರು, ಅದರಲ್ಲಿಯೂ ಊರಿನಲ್ಲಿ ನೆಲವಿಲ್ಲದೆ ಮಾನವಿಲ್ಲದೆ ಬದುಕಿದ್ದ ಶ್ರಮಿಕವರ್ಗದವರು, ಕಾರ್ನ್‌ವಾಲಿನ ಗಣಿಕುಶಲಿಗಳು, ಪಂಜಾಬಿನ ಕಾವಲುಗಾರರು ಎಲ್ಲರೂ ಸೇರಿ ಇಲ್ಲಿ ಒಂದು ಹೊಸ ಸಮಾಜವನ್ನೇ ಕಟ್ಟಿದರು. ನೆಲದಡಿಯಲ್ಲಿ ಅವರ ಪ್ರಾಣವು ವಿದ್ಯುತ್ತಿನ ಮೇಲೆ ಆಧಾರಪಟ್ಟಿದ್ದಿತು. ಚಾಂಪಿಯನ್ ರೀಫ್ ಗಣಿಯು ಮೂರು ಕಿಲೋಮೀಟರಿಗೂ ಮೀರಿದ ಆಳವನ್ನು ಮುಟ್ಟಿದಾಗ, ಕಾದ ಬಂಡೆಗಳ ನಡುವೆ ಮನುಷ್ಯನು ಉಸಿರಾಡಬೇಕಾದರೆ ಮೇಲಿನಿಂದ ತಂಪು ಗಾಳಿಯನ್ನು ನೂಕುವ ಯಂತ್ರಗಳು ನಿಲ್ಲದೆ ನಡೆಯಬೇಕಾಗಿತ್ತು. ಪಂಪು ನಿಂತರೆ ನೀರೇರುವುದು, ಗಾಳಿ ನಿಂತರೆ ಬಿಸಿಯೇರುವುದು. ಸ್ವೀಕಾರ ಕೇಂದ್ರದಲ್ಲಿ ರಾತ್ರಿಪಾಳಿಯಲ್ಲಿ ಮಾಪಕವನ್ನು ನೋಡುತ್ತ ಕುಳಿತವನ ಎಚ್ಚರದ ಮೇಲೆ ಕೆಳಗಿನ ಸಹಸ್ರಾರು ಜನರ ಕ್ಷೇಮವು ನಿಂತಿದ್ದಿತು. ಹೆಸರು ಉಳಿಯದ ಆ ಕರ್ಮಚಾರಿಗಳಿಗೆ ಈ ಲೇಖನದಲ್ಲಿ ಮೊದಲ ವಂದನೆ ಸಲ್ಲತಕ್ಕದ್ದು.

ಆದರೆ ಸತ್ಯವನ್ನು ಪೂರ್ಣವಾಗಿ ಹೇಳುವುದಾದರೆ, ಗಿರಣಿಗೂ ಬಂಗಲೆಗೂ ಮೊದಲೇ ಬಂದ ವಿದ್ಯುತ್ತು, ಬಿದಿರು ತಟ್ಟಿಗಳಿಂದ ಕಟ್ಟಿದ ಕಾರ್ಮಿಕರ ಮನೆಸಾಲುಗಳಾದ ಲೈನುಗಳನ್ನು ತಲುಪಿದ್ದು ಬಹಳ ತಡವಾಗಿ. ತಲೆಯ ಮೇಲೆ ತಂತಿ ಹಾದುಹೋಗುತ್ತಿದ್ದರೂ ಗುಡಿಸಲಿನೊಳಗೆ ಸೀಮೆಎಣ್ಣೆಯ ಬುಡ್ಡಿಯೇ ಉರಿಯುತ್ತಿದ್ದ ವಿಷಮತೆಯನ್ನು ಅಂದಿನ ಲೋಕನೀತಿಯ ದೋಷವೆಂದೇ ಒಪ್ಪಿಕೊಳ್ಳಬೇಕು. 1930ರಲ್ಲಿ ಹೆಬ್ಬೆರಳ ಗುರುತಿನ ನೋಂದಣಿಯ ವಿಷಯವಾಗಿ ಕಾರ್ಮಿಕರಿಗೂ ಕಂಪನಿಗಳಿಗೂ ಮನಸ್ತಾಪವುಂಟಾಗಿ ಗಣಿಗಳು ಕೆಲಕಾಲ ಸ್ತಬ್ಧವಾದುವು. ಆ ಪ್ರಕರಣವು ಕಾರ್ಮಿಕರ ಸಂಘಟಿತ ಜೀವನಕ್ಕೆ ನಾಂದಿಯಾಗಿ, ಮುಂದಣ ದಶಕಗಳಲ್ಲಿ ವಸತಿ, ನೀರು, ವೈದ್ಯ, ಬೆಳಕು ಮೊದಲಾದ ಬೇಡಿಕೆಗಳು ಮನ್ನಣೆ ಪಡೆಯಲು ದಾರಿಯಾಯಿತು. ಬೀದಿಗಳನ್ನು ಕ್ರಮವಾಗಿ ಹಾಕಿ ನಿರ್ಮಿಸಿದ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳು ಗಣಿಯ ಹೊರಗಣ ನಾಗರಿಕ ಜೀವನದ ಕೇಂದ್ರಗಳಾದುವು.

ಉತ್ತರಾರ್ಧ: 1956–2002

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಸ್ವಾಮ್ಯಕ್ಕೂ, 1962ರಲ್ಲಿ ಕೇಂದ್ರ ಸರ್ಕಾರದ ಸ್ವಾಮ್ಯಕ್ಕೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯು ಸ್ಥಾಪಿತವಾಯಿತು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಲಿಯು ರಚಿತವಾಗಿ ಪೂರೈಕೆಯ ಹೊಣೆ ಅದಕ್ಕೆ ಸೇರಿತು. ಅಷ್ಟರಲ್ಲಿ 1940ರ ಶಿಂಷಾ ಕೇಂದ್ರವೂ ಜೋಗದ ಮಹಾಕೇಂದ್ರವೂ ಹುಟ್ಟಿ, ಒಂದೇ ಹೊಳೆಯಿಂದ ಒಂದೇ ಗಣಿಗೆ ಎಂಬ ಆರಂಭದ ಸರಳ ಸಂಬಂಧವು ರಾಜ್ಯವ್ಯಾಪಿಯಾದ ತಂತಿಜಾಲದೊಳಗೆ ಲೀನವಾಗಿದ್ದಿತು. 1964ರಲ್ಲಿ ಆರಂಭವಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯ ಕಾರ್ಖಾನೆಯು ಇಲ್ಲಿ ನೆಲೆಸಿದುದರಿಂದ, ಗಣಿಯು ಬಡವಾಗುತ್ತಿದ್ದ ಕಾಲದಲ್ಲಿ ಊರಿಗೆ ಇನ್ನೊಂದು ಆಸರೆಯಾಯಿತು.

ಈ ಅವಧಿಯ ಒಂದು ಅಧ್ಯಾಯವನ್ನು ವಿಶೇಷವಾಗಿ ಹೇಳದೆ ಮುಂದುವರಿಯಲಾಗದು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು, ನಮ್ಮ ನಾಡಿನವರೇ ಆದ ಬಿ. ವಿ. ಶ್ರೀಕಂಠನ್ ಅವರೂ ಸೇರಿದಂತೆ, ವಿಶ್ವಕಿರಣಗಳ ಅಧ್ಯಯನಕ್ಕೆ ಈ ಗಣಿಯ ಆಳವನ್ನು ಆರಿಸಿಕೊಂಡರು. ಮೇಲಣ ಬಂಡೆಯ ಅಗಾಧವಾದ ಹೊದಿಕೆಯು ಇತರ ಕಣಗಳನ್ನು ತಡೆದು ನಿಲ್ಲಿಸುವುದರಿಂದ, ಬಹುಮಟ್ಟಿಗೆ ಯಾವುದರಿಂದಲೂ ತಡೆಯಲಾಗದ ನ್ಯೂಟ್ರಿನೋ ಕಣಗಳ ಸುಳಿವು ಅಲ್ಲಿ ಮಾತ್ರ ಸ್ಪಷ್ಟವಾಗಿ ದೊರೆಯಬಹುದೆಂಬುದು ಅವರ ತರ್ಕ. ಜಪಾನಿನ ಒಸಾಕಾ ಸಿಟಿ ಹಾಗೂ ಇಂಗ್ಲೆಂಡಿನ ಡರ್‌ಹ್ಯಾಂ ವಿಶ್ವವಿದ್ಯಾನಿಲಯಗಳ ಸಹಯೋಗದಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಇರಿಸಿದ ಉಪಕರಣಗಳು 1965ರಲ್ಲಿ ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೋಗಳ ಗುರುತನ್ನು ಪತ್ತೆಮಾಡಿದುವು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅದೇ ಕಾಲದಲ್ಲಿ ಅದೇ ಶೋಧ ನಡೆದಿತ್ತು. 1980ರ ದಶಕದಲ್ಲಿ ಪ್ರೋಟಾನಿನ ಕ್ಷಯವನ್ನು ಅರಸುವ ಪ್ರಯೋಗವೂ ಇಲ್ಲಿಯೇ ನಡೆಯಿತು. ಅದಿರನ್ನೆತ್ತುವುದಕ್ಕೆಂದು ತಂದ ವಿದ್ಯುತ್ತು ವಿಶ್ವದ ಅತಿ ಸೂಕ್ಷ್ಮ ಸಂಕೇತಗಳನ್ನು ಆಲಿಸುವ ಉಪಕರಣಗಳಿಗೂ ಬಲವಾಗುವುದೆಂದು 1902ರಲ್ಲಿ ಯಾರೂ ಎಣಿಸಿರಲಾರರು. 1992ರಲ್ಲಿ ಆ ಪ್ರಯೋಗಗಳು ಮುಕ್ತಾಯಗೊಂಡುವು.

ಒಂದು ಶತಮಾನಕ್ಕೂ ಮಿಕ್ಕಿದ ದುಡಿಮೆಯಲ್ಲಿ ಸುಮಾರು 800 ಟನ್ ಚಿನ್ನವನ್ನಿತ್ತ ಗಣಿಯು 2001ರ ಫೆಬ್ರವರಿಯ ಕೊನೆಯ ದಿನ ಮುಚ್ಚಿತು. ಮುಂದೆ ಪಂಪುಗಳೂ ನಿಂತು ಸುರಂಗಗಳಲ್ಲಿ ನೀರು ತುಂಬಿತು. ತಾನು ಯಾರಿಗಾಗಿ ಹುಟ್ಟಿತೋ ಆ ಗ್ರಾಹಕನನ್ನು ವಿದ್ಯುತ್ತು ಕಳೆದುಕೊಂಡಿತು. ಗಣಿಯನ್ನು ನಂಬಿದ್ದ ಕುಟುಂಬಗಳ ಮಕ್ಕಳು ಈಗ ನಸುಕಿನಲ್ಲೆದ್ದು ಮಾರಿಕುಪ್ಪಂ, ಚಾಂಪಿಯನ್, ಊರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿನ ಉದ್ಯೋಗಗಳಿಗೆ ಹೋಗಿಬರುತ್ತಾರೆ. ಪ್ರಥಮ ಪೂರೈಕೆಗೆ ನೂರು ವರ್ಷ ತುಂಬಿದ 2002ನೆಯ ಇಸವಿಯಲ್ಲಿಯೇ, ಕೋಲಾರ ಜಿಲ್ಲೆಯ ವಿತರಣೆಯ ಹೊಣೆಯು ಹೊಸದಾಗಿ ರಚಿತವಾದ ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಗೆ ವರ್ಗವಾಯಿತು. ಹಳೆಯ ದಿನಚರಿ ಪುಸ್ತಕಗಳು, ನಕ್ಷೆಗಳು, ಮಾಪಕಗಳು, ಪಿಂಗಾಣಿಯ ಇನ್ಸುಲೇಟರುಗಳು ಯಾರ ಕಪಾಟಿನಲ್ಲಾದರೂ ಯಾವ ಉಗ್ರಾಣದಲ್ಲಾದರೂ ಉಳಿದಿದ್ದರೆ, ಅವುಗಳನ್ನು ಗುಜರಿಗೆ ಹೋಗಗೊಡದೆ, ಗಣಿಯ ಊರಿನಲ್ಲಿಯೇ ಒಂದೆಡೆ ಸಂಗ್ರಹಿಸುವ ಕಾರ್ಯವನ್ನು ನೂರ ಇಪ್ಪತ್ತೈದನೆಯ ವರ್ಷವು ತುಂಬುವ 2027ರ ಜೂನ್ 30ಕ್ಕೆ ಮೊದಲು ಕೈಗೊಳ್ಳಬೇಕೆಂದು ಓದುಗರನ್ನು ಪ್ರಾರ್ಥಿಸುತ್ತೇನೆ.